ತಿರುವಿದ ಇಂಗಾಲದ ಹಾಳೆಗಳಲ್ಲಿ ಎಲೆಕ್ಟ್ರಾನುಗಳ ಕೂಟಗುಣ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



 

ಷಟ್‌ಸ್ಥಲದ ಮೇಲೋ ಅಷ್ಟಾವರಣದ ಮೇಲೋ ನಾಲ್ಕು ಮಾತು ಕೇಳಬೇಕೆಂದು ಬಂದವರಿಗೆ, ಮಠದ ಸಭೆಯಲ್ಲಿ ಇಂಗಾಲವೇತಕ್ಕೆ, ಎಲೆಕ್ಟ್ರಾನು ಏತಕ್ಕೆ ಎಂಬ ಸಂದೇಹವು ಹುಟ್ಟುವುದು ಸಹಜವೇ ಸರಿ. ಆದರೆ ಈ ಸೀಮೆಯ ಮನೆಗಳಲ್ಲಿ ಈಚೆಗೆ ಒಂದು ಬಗೆಯ ಮೌನವು ನೆಲೆಸುತ್ತಲಿದೆ. ತೆಂಗಿನಕಾಯಿ ಮಾರಿಯೋ, ಆಲೂಗೆಡ್ಡೆ ಬೆಳೆದೋ, ಹೊಗೆಸೊಪ್ಪು ಬೇಯಿಸಿಯೋ ಹಣ ಕೂಡಿಸಿ ಮಗನನ್ನೋ ಮಗಳನ್ನೋ ಬೆಂಗಳೂರಿಗೆ ಭೌತವಿಜ್ಞಾನ ಓದಲು ಕಳುಹಿಸಿದ ತಂದೆಯು, ಹಬ್ಬಕ್ಕೆ ಬಂದ ಮಗುವನ್ನು ‘ಏನು ಓದುತ್ತಿದ್ದೀಯಪ್ಪ?’ ಎಂದು ಕೇಳಿದರೆ, ‘ಹೇಳಿದರೂ ನಿಮಗೆ ತಿಳಿಯುವುದಿಲ್ಲ ಬಿಡಿ’ ಎಂಬ ಉತ್ತರವು ಬರುತ್ತದೆ. ಅಲ್ಲಿಗೆ ಮಾತು ನಿಂತಿತು. ತಂದೆಯು ಮತ್ತೆ ಕೇಳುವುದಿಲ್ಲ. ಮಗುವು ಮತ್ತೆ ಹೇಳುವುದಿಲ್ಲ. ತಿಳಿಯುವುದಿಲ್ಲವೆಂಬುದು ಸುಳ್ಳು. ಕನ್ನಡದಲ್ಲಿ ನಿಧಾನವಾಗಿ ಹೇಳಿದರೆ ರಾಗಿ ಜರಡಿ ಹಿಡಿದ ತಾಯಿಗೂ ತಿಳಿಯುವಂಥ ವಿಷಯವೇ ಇದು. ಆ ಮಕ್ಕಳು ಓದುತ್ತಿರುವುದರಲ್ಲಿ ಅತ್ಯಂತ ನೂತನವಾದ ಒಂದು ಭಾಗವನ್ನು ಆರಿಸಿಕೊಂಡು ಅದನ್ನು ಇಲ್ಲಿ ವಿವರಿಸಲಾಗುವುದು.

ಸೀಸದ ಕಡ್ಡಿಯೆಂದು ಕರೆಯುವ ಪೆನ್ಸಿಲಿನಲ್ಲಿ ಸೀಸವು ಲೇಶವೂ ಇಲ್ಲ. ಅದರ ಕಪ್ಪು ತಿರುಳು ಗ್ರಾಫೈಟ್ ಎಂಬ ಖನಿಜವನ್ನು ಜೇಡಿಯೊಡನೆ ಅರೆದು ಮಾಡಿದುದು. ಗ್ರಾಫೈಟಾದರೋ ಇಂಗಾಲವೇ; ಒಲೆಯ ಇದ್ದಿಲಿನಲ್ಲಿಯೂ ವಜ್ರದಲ್ಲಿಯೂ ಇರುವ ದ್ರವ್ಯವೇ. ಮಠದ ಭಂಡಾರದಲ್ಲಿರುವ ತಾಳೆಯೋಲೆಯ ಕಟ್ಟಿನಂತೆ ಅದು ಹಾಳೆಯ ಮೇಲೆ ಹಾಳೆಯಾಗಿ ಅಡಕವಾಗಿದೆ. ಒಂದೊಂದು ಹಾಳೆಯ ದಪ್ಪವೂ ಒಂದೇ ಒಂದು ಪರಮಾಣು. ಹಾಳೆಗೂ ಹಾಳೆಗೂ ನಡುವಣ ಅಂತರ 0.335 ನ್ಯಾನೋಮೀಟರು, ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಹಾಳೆಯ ಒಳಗೆ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಆರು ಮೂಲೆಯ ಮನೆಗಳಾಗಿ ನಿಂತಿವೆ. ಇಂತಹ ಒಂಟಿ ಹಾಳೆಗೆ ಗ್ರಾಫೀನ್ ಎಂದು ಹೆಸರು. ಇದರಲ್ಲಿ ಎಲೆಕ್ಟ್ರಾನು ಹೇಗೆ ಚಲಿಸಬೇಕೆಂಬುದನ್ನು ಪಿ. ಆರ್. ವಾಲೇಸ್ ಎಂಬ ವಿದ್ವಾಂಸನು 1947ರಲ್ಲಿಯೇ ಕಾಗದದ ಮೇಲೆ ಗಣಿಸಿದ್ದನು. ಆದರೆ ಒಂಟಿ ಹಾಳೆಯನ್ನು ಬಿಡಿಸಿ ತೆಗೆದು ಅದರಲ್ಲಿ ವಿದ್ಯುತ್ತನ್ನು ಹರಿಯಿಸಿ ನೋಡುವುದಕ್ಕೆ 2004ರ ವರೆಗೆ ಕಾಯಬೇಕಾಯಿತು. ಆ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೋವ್ ಎಂಬಿಬ್ಬರು ಅಂಗಡಿಯಲ್ಲಿ ಸಿಕ್ಕುವ ಅಂಟುಪಟ್ಟಿಯಿಂದ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಅದನ್ನು ಸಾಧಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಒಂಟಿ ಹಾಳೆಯಲ್ಲಿ ಎಲೆಕ್ಟ್ರಾನು ಬೆಳಕಿನ ವೇಗದ ಮುನ್ನೂರರಲ್ಲೊಂದು ಪಾಲಿನ ವೇಗದಿಂದ ಓಡುತ್ತದೆ. ಎಲೆಕ್ಟ್ರಾನುಗಳೆಲ್ಲವೂ ಋಣವಿದ್ಯುತ್ತನ್ನು ಹೊತ್ತವಾದುದರಿಂದ ಒಂದನ್ನೊಂದು ದೂಡುವುದು ಅವುಗಳ ಸ್ವಭಾವ. ಆದರೂ ಓಟದ ರಭಸವೇ ಮೇಲಾಗಿರುವುದರಿಂದ ಬಹುಮಟ್ಟಿಗೆ ಆ ದೂಡಾಟವನ್ನು ಗಣನೆಗೆ ತಾರದೆ, ಒಂದು ಎಲೆಕ್ಟ್ರಾನಿನ ನಡೆಯನ್ನು ಅರಿತು, ಅದನ್ನೇ ಸಂಖ್ಯೆಯಿಂದ ಗುಣಿಸಿ ಸಮೂಹದ ನಡೆಯನ್ನು ಹೇಳಬಹುದಾಗಿದೆ. ತೇರಿನ ಹಿಂದಿನ ದಿನ ಅಗಲವಾದ ರಥಬೀದಿಯಲ್ಲಿ ಜನರು ಬಿರಬಿರನೆ ನಡೆಯುವಾಗ ಯಾರೂ ಯಾರನ್ನೂ ಲೆಕ್ಕಿಸದೆ ಹೋಗುವಂತೆ ಇದು.

ಇನ್ನು ಪ್ರಕೃತ ವಿಷಯಕ್ಕೆ ಬರಬೇಕು. ಒಂದು ಹಾಳೆಯ ಮೇಲೆ ಇನ್ನೊಂದು ಹಾಳೆಯನ್ನು ಇಟ್ಟು, ಮೇಲಿನದನ್ನು ಎಳ್ಳಷ್ಟು ತಿರುವಿದರೆ ಏನಾಗುವುದು? ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಕಣ್ಣಳತೆಯ ಎರಡು ಸಣ್ಣಕಣ್ಣಿನ ಜರಡಿಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ಮೇಲಿನದನ್ನು ಮೆಲ್ಲನೆ ತಿರುಗಿಸಿದರೆ, ಜರಡಿಯ ಕಣ್ಣಿಗಿಂತ ಎಷ್ಟೋ ಪಾಲು ದೊಡ್ಡದಾದ ಬೆಳಕು-ನೆರಳಿನ ಚೌಕಗಳು ತೋರುತ್ತವೆ. ಮಡಿಸಿದ ಸೊಳ್ಳೆಪರದೆಯಲ್ಲಿಯೂ ಇದನ್ನು ಕಂಡಿರಬಹುದು. ಈ ಚಿತ್ತಾರವು ಮೇಲಿನ ಜರಡಿಯಲ್ಲಿಯೂ ಇಲ್ಲ, ಕೆಳಗಿನದರಲ್ಲಿಯೂ ಇಲ್ಲ. ಎರಡರ ಸಂಬಂಧದಲ್ಲಿ ಇದೆ. ತಿರುವು ಕಿರಿದಾದಷ್ಟೂ ಚಿತ್ತಾರವು ಹಿರಿದಾಗುತ್ತದೆ. 1.1 ಡಿಗ್ರಿ ತಿರುವಿದರೆ ಕಣ್ಣಿಂದ ಕಣ್ಣಿಗಿರುವ ಅಳತೆಯ ಸುಮಾರು 52 ಪಟ್ಟಾಗುತ್ತದೆ. ಗ್ರಾಫೀನಿನ ಮನೆಯಿಂದ ಮನೆಗೆ 0.246 ನ್ಯಾನೋಮೀಟರು, ಅದು ಕಾರಣ ಚಿತ್ತಾರದ ಒಂದು ಮನೆ ಸುಮಾರು 13 ನ್ಯಾನೋಮೀಟರು. ಆ ಒಂದು ದೊಡ್ಡ ಮನೆಯೊಳಗೆ ಎರಡೂ ಹಾಳೆಗಳವು ಸೇರಿ ಸುಮಾರು 11,000 ಇಂಗಾಲದ ಪರಮಾಣುಗಳು ಅಡಗಿರುತ್ತವೆ.

1.1 ಡಿಗ್ರಿ ಎಂದರೆ ಎಷ್ಟು? ಗಡಿಯಾರದ ನಿಮಿಷದ ಮುಳ್ಳು 11 ಸೆಕೆಂಡುಗಳಲ್ಲಿ ಸರಿಯುವಷ್ಟು. ಅಷ್ಟಕ್ಕೇ ವಿಶೇಷವೇನು ಎಂಬುದನ್ನು 2011ರಲ್ಲಿ ರಫಿ ಬಿಸ್ಟ್ರಿಟ್ಜರ್, ಅಲನ್ ಮೆಕ್‌ಡೊನಾಲ್ಡ್ ಎಂಬಿಬ್ಬರು ಅಮೆರಿಕದ ಟೆಕ್ಸಾಸಿನಲ್ಲಿ ಗಣಿಸಿ ತೋರಿಸಿದರು. ಎಲೆಕ್ಟ್ರಾನು ಕಣವಾಗಿರುವಂತೆ ಅಲೆಯೂ ಆಗಿರುವುದು. ಮೇಲಿನ ಹಾಳೆಯಲ್ಲಿ ಓಡುವ ಎಲೆಕ್ಟ್ರಾನು ಕೆಳಗಿನ ಹಾಳೆಗೆ ಇಳಿಯಬಲ್ಲದು, ಮತ್ತೆ ಏರಿಬರಬಲ್ಲದು. ಶ್ರವಣಬೆಳಗೊಳದ ಕಲ್ಯಾಣಿಯಲ್ಲಿ ಎರಡು ಕಡೆ ಕಲ್ಲು ಬಿದ್ದರೆ, ಎರಡು ಅಲೆಗಳೂ ಕೂಡಿದೆಡೆಗಳಲ್ಲಿ ಕೆಲವು ಕಡೆ ನೀರು ಎದ್ದು ಕೆಲವು ಕಡೆ ಸಮವಾಗಿ ನಿಲ್ಲುವುದುಂಟಷ್ಟೆ. ಹಾಗೆಯೇ ನೇರವಾಗಿ ಸಾಗಿದ ಅಲೆಯೂ ಇಳಿದೇರಿ ಬಂದ ಅಲೆಯೂ ಈ ಒಂದು ತಿರುವಿನಲ್ಲಿ ಒಂದನ್ನೊಂದು ಸರಿದೂಗಿಸಿಕೊಂಡು, ಎಲೆಕ್ಟ್ರಾನಿನ ಮುನ್ನಡೆಯು ಬಹುತೇಕ ನಿಂತೇ ಹೋಗುತ್ತದೆ. ಬೆಳಕಿನ ಮುನ್ನೂರರಲ್ಲೊಂದು ಪಾಲಿನ ವೇಗವಿದ್ದ ಕಣವು, ಪರಮಾಣುವಿನ ಮೇಲೆ ಪರಮಾಣು ನೇರವಾಗಿ ಕುಳಿತಿರುವ ಎಡೆಗಳಲ್ಲಿ ತಂಗಿ ನಿಲ್ಲುತ್ತದೆ. ಈ ತಿರುವಿಗೆ ಅವರು ‘ಮಾಯಾಕೋನ’ವೆಂಬ ಅರ್ಥದ ಹೆಸರನ್ನಿಟ್ಟರು. ವೇದಾಂತದ ಮಾಯೆಗೂ ಇದಕ್ಕೂ ಸಂಬಂಧವಿಲ್ಲ. ಗಾರುಡಿಗನ ಮಾಯವೆಂಬಷ್ಟೇ ಅಭಿಪ್ರಾಯ.

ಓಟವು ನಿಂತಿತೆಂದರೆ ಏನಾಯಿತು? ಅದುವರೆಗೆ ಗಣನೆಗೆ ಬಾರದಿದ್ದ ಪರಸ್ಪರ ದೂಡಾಟವೇ ಪ್ರಧಾನವಾಯಿತು. ತೇರಿನ ದಿನ ರಥವು ನಿಂತಾಗ ಬೀದಿಯ ಜನಸ್ತೋಮದಲ್ಲಿ ಒಬ್ಬನು ಎತ್ತ ಸರಿಯುವನೆಂಬುದು ಅವನ ಕಾಲಿನ ಬಲದಿಂದ ನಿರ್ಣಯವಾಗುವುದಿಲ್ಲ, ಅಕ್ಕಪಕ್ಕದವರಿಂದ ನಿರ್ಣಯವಾಗುತ್ತದೆ. ಇಲ್ಲಿಯೂ ಹಾಗೆಯೇ.

ಇದನ್ನು ಪ್ರಯೋಗದಿಂದ ಕಂಡವರು ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪಾಬ್ಲೊ ಹಾರಿಯೊ-ಹೆರೆರೊ ಮತ್ತು ಆತನ ಶಿಷ್ಯ ಯುವಾನ್ ಸಾವ್ ಮೊದಲಾದವರು. ಅವರ ಎರಡು ಪ್ರಬಂಧಗಳು 2018ರ ಮಾರ್ಚಿಯಲ್ಲಿ ಪ್ರಕಟವಾದವು. ಇಂತಹ ಜೋಡಿಯನ್ನು ಮಾಡುವ ಕ್ರಮವೇ ಮನೋಹರವಾದುದು. ಎರಡು ಬೇರೆ ಹಾಳೆಗಳನ್ನು ತಂದರೆ ಅವುಗಳ ದಿಕ್ಕು ಹೊಂದಿಸುವುದು ದುಸ್ತರ. ಆದುದರಿಂದ ಒಂದೇ ಹಾಳೆಯನ್ನು ಎರಡಾಗಿ ಹರಿದು, ಒಂದರ್ಧವನ್ನು ಬೋರಾನ್ ನೈಟ್ರೈಡಿನ ಹಲ್ಲೆಯಿಂದ ಮೇಲೆತ್ತಿ, ತಳವನ್ನು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿ ತಿರುಗಿಸಿ, ಉಳಿದರ್ಧದ ಮೇಲೆ ಇಳಿಸುತ್ತಾರೆ. ಬಳಿಕ ಪಕ್ಕದ ಲೋಹದ ತಟ್ಟೆಗೆ ಕೊಡುವ ವೋಲ್ಟನ್ನು ಏರಿಸಿ ಇಳಿಸಿ, ಗೊರೂರಿನ ಅಣೆಕಟ್ಟಿನ ತೂಬನ್ನು ಎತ್ತಿ ತಗ್ಗಿಸಿದಂತೆ, ಹಾಳೆಯೊಳಗೆ ಎಲೆಕ್ಟ್ರಾನುಗಳನ್ನು ಬೇಕಾದಷ್ಟು ತುಂಬಬಹುದು, ಬರಿದು ಮಾಡಬಹುದು.

ದಾಸೋಹದ ಪಂಕ್ತಿಯನ್ನು ನೆನೆದರೆ ಅವರು ಕಂಡದ್ದು ಸುಲಭವಾಗಿ ತಿಳಿಯುತ್ತದೆ. ಚಿತ್ತಾರದ ಒಂದೊಂದು ದೊಡ್ಡ ಮನೆಯಲ್ಲಿಯೂ ನಿಧಾನಗೊಂಡ ಎಲೆಕ್ಟ್ರಾನುಗಳಿಗೆ ನಾಲ್ಕು ಮಣೆಗಳಿವೆ ಎಂದು ಭಾವಿಸಬೇಕು. ನಾಲ್ಕೂ ತುಂಬಿದ್ದರೆ ಅತ್ತಿತ್ತ ಸರಿಯಲು ಎಡೆಯಿಲ್ಲದೆ ವಿದ್ಯುತ್ತು ಹರಿಯದೆಂಬುದು ಸರಿಯೇ. ಎರಡೇ ತುಂಬಿ ಎರಡು ಬರಿದಾಗಿದ್ದರೆ? ಬಿಡಿ ಎಲೆಕ್ಟ್ರಾನಿನ ಲೆಕ್ಕದ ಪ್ರಕಾರ ಧಾರಾಳವಾಗಿ ಹರಿಯಬೇಕು. ಆದರೆ ತೀರ ತಂಪಿನಲ್ಲಿ ಹರಿಯಲಿಲ್ಲ! ಮಣೆ ಬರಿದಾಗಿದ್ದರೂ ಒಬ್ಬನೂ ಎದ್ದು ಪಕ್ಕದ ಮನೆಗೆ ಹೋಗಲಾರನು. ಏತಕ್ಕೆಂದರೆ ಅಲ್ಲಿ ಆಗಲೇ ಕುಳಿತಿರುವವರು ಅವನನ್ನು ದೂಡುತ್ತಾರೆ. ಬರಿದಾದ ಮಣೆಗಳ ನಡುವೆಯೇ ಎಲ್ಲರೂ ಸ್ತಬ್ಧರಾದರು. ಅಲ್ಲಿಂದ ಕೆಲವರನ್ನು ಮಾತ್ರ ಎಬ್ಬಿಸಿ ಹೊರಗೆ ಕಳುಹಿಸಿದಾಗ ಇನ್ನೂ ಹೆಚ್ಚಿನ ಆಶ್ಚರ್ಯವು ನಡೆಯಿತು: 1.7 ಕೆಲ್ವಿನ್, ಅಂದರೆ ಸೊನ್ನೆಗಿಂತ ಸುಮಾರು 271 ಡಿಗ್ರಿ ಕೆಳಗಣ ಶೈತ್ಯದಲ್ಲಿ, ತಡೆಯೇ ಇಲ್ಲದೆ ವಿದ್ಯುತ್ತು ಹರಿಯಿತು. ಇದಕ್ಕೆ ಅತಿವಾಹಕತೆಯೆಂದು ಹೆಸರು. ಮರುವರ್ಷ 2019ರಲ್ಲಿ ಸ್ಟಾನ್‌ಫರ್ಡಿನ ವಿದ್ವಾಂಸರು, ನಾಲ್ಕರಲ್ಲಿ ಮೂರು ಮಣೆ ತುಂಬಿದಾಗ ಅದೇ ವಸ್ತುವು ಅಯಸ್ಕಾಂತದಂತೆ ವರ್ತಿಸುವುದನ್ನು ಕಂಡರು. ಕಬ್ಬಿಣದ ಒಂದು ಕಣವೂ ಇಲ್ಲದ ಬರಿಯ ಇಂಗಾಲದಲ್ಲಿ ಅಯಸ್ಕಾಂತ! ಬಿಸ್ಟ್ರಿಟ್ಜರ್, ಮೆಕ್‌ಡೊನಾಲ್ಡ್, ಹಾರಿಯೊ-ಹೆರೆರೊ ಮೂವರಿಗೂ 2020ರ ವುಲ್ಫ್ ಪಾರಿತೋಷಕವು ದೊರೆಯಿತು.

ತರ್ಕಶಾಸ್ತ್ರವನ್ನೋದಿದ ವಿದ್ಯಾರ್ಥಿಗಳಿಗೆ ಇಲ್ಲಿ ಹಳೆಯ ವಾದವೊಂದು ನೆನಪಾಗಬೇಕು. ಅವಯವಗಳಿಗಿಂತ ಅವಯವಿಯು ಬೇರೆ ಎಂಬುದು ನೈಯಾಯಿಕರ ಪಕ್ಷ. ಅವಯವಗಳ ರಾಶಿಯ ಹೊರತು ಅವಯವಿಯೆಂಬುದು ಬೇರೊಂದಿಲ್ಲವೆಂಬುದು ಬೌದ್ಧರ ಪಕ್ಷ. ಕೂಡಿಕೆಯಿಂದ ಹೊಸ ಗುಣವು ಹುಟ್ಟುವುದೆಂಬುದಕ್ಕೆ ಚಾರ್ವಾಕರು ತಾಂಬೂಲದ ದೃಷ್ಟಾಂತವನ್ನು ಕೊಡುತ್ತಿದ್ದರು: ಎಲೆಯಲ್ಲಿ ಕೆಂಪಿಲ್ಲ, ಸುಣ್ಣದಲ್ಲಿ ಕೆಂಪಿಲ್ಲ, ಅಡಿಕೆಯಲ್ಲಿ ಆ ಕೆಂಪಿಲ್ಲ, ಮೂರೂ ಕೂಡಿದರೆ ಬಾಯಿ ಕೆಂಪಾಗುತ್ತದೆ. ಅವರು ಅದರಿಂದ ಎಳೆದ ಸಿದ್ಧಾಂತವನ್ನು ಆಚಾರ್ಯರು ಖಂಡಿಸಿದ್ದಾರೆ. ಆದರೆ ದೃಷ್ಟಾಂತವು ಕಣ್ಣೆದುರಿಗಿರುವುದರಿಂದ ಅದನ್ನು ಅಲ್ಲಗಳೆದವರಿಲ್ಲ. ತಿರುವಿದ ಗ್ರಾಫೀನು ತಾಂಬೂಲವನ್ನೂ ಮೀರಿಸಿದೆ. ತಾಂಬೂಲದಲ್ಲಿ ಮೂರು ಬೇರೆ ಬೇರೆ ದ್ರವ್ಯಗಳುಂಟು. ಇಲ್ಲಿ ಮೇಲಿನದೂ ಇಂಗಾಲ, ಕೆಳಗಿನದೂ ಇಂಗಾಲ, ಎರಡೂ ಒಂದೇ ಹಾಳೆಯ ಹರಕುಗಳು. ಹೊರಗಿನಿಂದ ಬೆರಕೆ ಸೇರಿಲ್ಲ. ಬದಲಾದುದು ಸಂಬಂಧವೊಂದೇ. ಅಷ್ಟರಿಂದಲೇ, 11,000 ಪರಮಾಣುಗಳಿಗೆ ಎರಡೋ ಮೂರೋ ಎಲೆಕ್ಟ್ರಾನುಗಳ ಲೆಕ್ಕದಲ್ಲಿ, ಒಂದೇ ತುಣುಕು ಒಮ್ಮೆ ಅವಾಹಕ, ಒಮ್ಮೆ ಅತಿವಾಹಕ, ಒಮ್ಮೆ ಅಯಸ್ಕಾಂತ. ಬಿಡಿ ಎಲೆಕ್ಟ್ರಾನನ್ನು ಎಷ್ಟು ಶೋಧಿಸಿದರೂ ಈ ಮೂರರಲ್ಲಿ ಒಂದೂ ಅದರೊಳಗೆ ಸಿಕ್ಕುವುದಿಲ್ಲ.

ಇದೆಲ್ಲವೂ ಸಮುದ್ರದಾಚೆಯ ಸಂಗತಿಯೆಂದು ತಿಳಿಯಬೇಕಾದುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಏರ್ಪಟ್ಟಾಗ ಅದಕ್ಕೆ 371 ಎಕರೆ ಭೂಮಿಯನ್ನು ಕೊಟ್ಟುದು ಹಾಸನ ಜಿಲ್ಲೆಯನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನ. 1911ರಲ್ಲಿ ಅಸ್ತಿಭಾರವನ್ನಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರವರು. 1933ರಲ್ಲಿ ಸರ್ ಸಿ. ವಿ. ರಾಮನ್ ಅವರು ನಿರ್ದೇಶಕರಾಗಿ ಬಂದು ಭೌತವಿಜ್ಞಾನದ ಶಾಖೆಯನ್ನು ಸ್ಥಾಪಿಸಿದರು. ಆ ಶಾಖೆಯ ಅರಿಂದಮ್ ಘೋಷ್ ಅವರೂ, ಅದೇ ಸಂಸ್ಥೆಯ ಯು. ಚಾಂದನಿ, ಮನೀಶ್ ಜೈನ್, ಎಚ್. ಆರ್. ಕೃಷ್ಣಮೂರ್ತಿ ಮೊದಲಾದವರೂ ಸೇರಿ ತಿರುವಿದ ಗ್ರಾಫೀನಿನ ಮೇಲೆ ಮಾಡಿದ ಕೆಲಸವು 2022ರಲ್ಲಿ ಪ್ರಕಟವಾಗಿದೆ. ಕೃಷ್ಣಮೂರ್ತಿಯವರು 1980ರಷ್ಟು ಹಿಂದೆಯೇ ವಿಲ್ಕಿನ್ಸ್, ವಿಲ್ಸನ್ ಎಂಬವರೊಡನೆ, ಲೋಹದಲ್ಲಿ ಹುದುಗಿದ ಒಂದು ಅಯಸ್ಕಾಂತ ಪರಮಾಣುವಿನೊಡನೆ ಸುತ್ತಣ ಎಲೆಕ್ಟ್ರಾನುಗಳ ಸಮೂಹವು ಹೇಗೆ ವ್ಯವಹರಿಸುವುದೆಂಬುದನ್ನು ವಿಸ್ತಾರವಾಗಿ ಗಣಿಸಿ ಖ್ಯಾತರಾದವರು. ಕೂಟದ ಗಣಿತವು ಬೆಂಗಳೂರಿಗೆ ನಿನ್ನೆಯದಲ್ಲ.

2022ರ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಹಾಳೆಯ ಒಂದು ತುದಿಯನ್ನು ತುಸು ಬೆಚ್ಚಗೆ ಮಾಡಿದರೆ ತುದಿಯಿಂದ ತುದಿಗೆ ಸ್ವಲ್ಪ ವೋಲ್ಟು ಹುಟ್ಟುತ್ತದೆ. ಇದನ್ನು ಶಾಖವಿದ್ಯುತ್ತೆಂದು ಕರೆಯಬಹುದು. ಸರ್ ನೆವಿಲ್ ಮಾಟ್ ಎಂಬ ಆಂಗ್ಲ ವಿದ್ವಾಂಸನ ಹೆಸರಿನ ಸೂತ್ರವೊಂದುಂಟು: ಎಲೆಕ್ಟ್ರಾನುಗಳನ್ನು ಹೆಚ್ಚುಕಡಮೆ ಮಾಡಿದಾಗ ಹಾಳೆಯ ತಡೆಯು ಹೇಗೆ ಬದಲಾಗುವುದೆಂದು ಅಳೆದುಕೊಂಡರೆ, ಶಾಖವಿದ್ಯುತ್ತು ಎಷ್ಟಿರಬೇಕೆಂಬುದನ್ನು ಅಳೆಯದೆಯೇ ಹೇಳಬಹುದು. ಸಾಮಾನ್ಯ ಲೋಹಗಳಲ್ಲಿ ಈ ಸೂತ್ರವು ಚೆನ್ನಾಗಿ ನಡೆಯುತ್ತದೆ. ಆದರೆ ಅದರ ಬುಡದಲ್ಲಿ ಒಂದು ನಂಬಿಕೆ ಅಡಗಿದೆ. ಒಂದೊಂದು ಎಲೆಕ್ಟ್ರಾನನ್ನೂ ತನ್ನ ಪಾಡಿಗೆ ತಾನು ಶಾಖವನ್ನೂ ವಿದ್ಯುತ್ತನ್ನೂ ಹೊತ್ತು ನಡೆಯುವ ಬಿಡಿ ವ್ಯಕ್ತಿಯೆಂದು ಎಣಿಸಬಹುದೆಂಬ ನಂಬಿಕೆ. ಬೆಂಗಳೂರಿನವರು 1.0ರಿಂದ 1.7 ಡಿಗ್ರಿಯ ವರೆಗಿನ ಹಲವು ತಿರುವುಗಳಲ್ಲಿ ತಡೆಯನ್ನೂ ಶಾಖವಿದ್ಯುತ್ತನ್ನೂ ಒಟ್ಟಿಗೆ ಅಳೆದರು. 1.6 ಡಿಗ್ರಿಯ ಸುಮಾರಿನಲ್ಲಿ, ಮಣೆಗಳು ಅರ್ಧ ತುಂಬಿರುವಾಗ, ಅಳೆದುದು ಸೂತ್ರವು ಹೇಳಿದುದಕ್ಕಿಂತ ಹೆಚ್ಚಾಗಿ ಬಂದಿತು. ತಿರುವು 2 ಡಿಗ್ರಿಯನ್ನು ದಾಟಿದರೆ ಆ ಹೆಚ್ಚಳವು ಮಾಯವಾಯಿತು. ಗಮನಿಸಬೇಕಾದುದೇನೆಂದರೆ, 1.6 ಎಂಬುದು ಮಾಯಾಕೋನವಲ್ಲ. ಅಲ್ಲಿ ಎಲೆಕ್ಟ್ರಾನುಗಳು ಇನ್ನೂ ಅಷ್ಟಿಷ್ಟು ಓಡುತ್ತಲೇ ಇರುತ್ತವೆ. ಅವಾಹಕವೂ ಅಲ್ಲದ, ಅತಿವಾಹಕವೂ ಅಲ್ಲದ, ನೋಡುವುದಕ್ಕೆ ಸಾಧಾರಣ ಲೋಹದಂತಿರುವ ಆ ಎಡೆಯಲ್ಲಿಯೇ ಬಿಡಿ ಎಣಿಕೆಯು ತಪ್ಪಿತು! ಬರಿದಾದ ಮಣೆಗಳ ನಡುವೆ ಸ್ತಬ್ಧವಾಗುವ ಅವಾಹಕಕ್ಕೂ ಇದೇ ಮಾಟನ ಹೆಸರೇ ಇರುವುದು. ತನ್ನ ಹೆಸರಿನ ಒಂದು ತತ್ತ್ವದ ನೆರಳಿನಲ್ಲಿ ತನ್ನ ಹೆಸರಿನ ಇನ್ನೊಂದು ಸೂತ್ರವು ಮುರಿದುದನ್ನು ಕಾಣಲು ಆತನು ಉಳಿದಿರಲಿಲ್ಲ.

ಅದೇ ವರ್ಷ ಚಾಂದನಿಯವರ ಪಂಗಡವೂ ಘೋಷ್ ಅವರೂ ಇನ್ನೊಂದನ್ನು ಪ್ರಕಟಿಸಿದರು. ತಿರುವಿದ ಜೋಡಿಗೆ ಟಂಗ್‌ಸ್ಟನ್ ಡೈಸೆಲಿನೈಡಿನ ಹಾಳೆಯೊಂದನ್ನು ಒತ್ತಾಗಿ ಇಟ್ಟಾಗ, ಒಂದು ಮನೆಗೆ ಪೂರ್ಣಾಂಕದಷ್ಟು ಎಲೆಕ್ಟ್ರಾನುಗಳಿರುವ ಕಡೆಯಲ್ಲಿ ಮಾತ್ರವಲ್ಲದೆ, ಅರ್ಧ ಸೇರಿದ ಸಂಖ್ಯೆಗಳಲ್ಲಿಯೂ ವಿಶೇಷ ಸ್ಥಿತಿಗಳು ತೋರಿದವು. ಎಲೆಕ್ಟ್ರಾನನ್ನು ಅರ್ಧ ಮಾಡಲಾಗದಷ್ಟೆ. ಆದುದರಿಂದ ಎರಡೆರಡು ಮನೆಗಳು ಒಂದಾಗಿ ಜಂಟಿಯಾಗಿ ಲೆಕ್ಕವಿಟ್ಟುಕೊಂಡವೆಂದು ತಿಳಿಯಬೇಕಾಗುತ್ತದೆ.

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಇಂತಹ ಸುದ್ದಿಯು ಬಂದೊಡನೆ ಕೆಲವು ವೇದಿಕೆಗಳಲ್ಲಿ, ಇದು ಸಾಮರಸ್ಯವೇ, ಎರಡು ಹಾಳೆಗಳು ಅಂಗ-ಲಿಂಗಗಳೇ, ಶರಣರಿಗೆ ಇದೆಲ್ಲವೂ ತಿಳಿದಿತ್ತು ಎಂದು ಘೋಷಿಸುವವರಿದ್ದಾರೆ. ಭಕ್ತಿಯಿಂದಲೇ ಹೇಳುತ್ತಾರೆ, ಆದರೆ ಅದರಿಂದ ಶರಣರಿಗೆ ಗೌರವವು ಹೆಚ್ಚುವುದಿಲ್ಲ, ಕಡಮೆಯಾಗುತ್ತದೆ. ಅನುಭವಮಂಟಪದಲ್ಲಿ ನಡೆದ ಚರ್ಚೆಯು ಅಂಗಗುಣವನ್ನು ಕಳೆದುಕೊಳ್ಳುವ ಮಾರ್ಗವನ್ನು ಕುರಿತದ್ದು. ಅದಕ್ಕೆ ಮ್ಯಾಂಚೆಸ್ಟರಿನ ಅಂಟುಪಟ್ಟಿಯ ಸಾಕ್ಷ್ಯವು ಬೇಕಾಗಿಲ್ಲ. ಅದೂ ಅಲ್ಲದೆ, ತಿರುವಿದ ಗ್ರಾಫೀನಿನ ಅತಿವಾಹಕತೆಗೆ ಕಾರಣವೇನೆಂಬುದೇ ಇನ್ನೂ ನಿರ್ಣಯವಾಗಿಲ್ಲ. 1911ರಲ್ಲಿ ಕಾಮರ್ಲಿಂಗ್ ಓನ್ಸ್ ಎಂಬವನು ಪಾದರಸದಲ್ಲಿ ಮೊದಲು ಕಂಡ ಅತಿವಾಹಕತೆಗೆ 1957ರಲ್ಲಿ ಸಮಾಧಾನವು ದೊರೆಯಿತು: ಪರಮಾಣುಗಳ ಕಂಪನದ ಮಧ್ಯಸ್ಥಿಕೆಯಿಂದ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ ಎಂದು. 1986ರಲ್ಲಿ ತಾಮ್ರದ ಆಕ್ಸೈಡುಗಳಲ್ಲಿ ಕಂಡುದಕ್ಕೆ ಆ ಸಮಾಧಾನವು ಸಾಲದೆಂದು ಹೆಚ್ಚಿನವರ ಮತ. ತಿರುವಿದ ಗ್ರಾಫೀನಿನಲ್ಲಿ ಕಂಪನವೇ ಮಧ್ಯಸ್ಥನೋ, ಇಲ್ಲವೆ ದೂಡಾಟವೇ ವಿಚಿತ್ರ ರೀತಿಯಲ್ಲಿ ಜೋಡಿಗೂಡಿಸುತ್ತದೆಯೋ ಎಂದು ಎರಡು ಪಕ್ಷದವರೂ ವಾದಿಸುತ್ತಲಿದ್ದಾರೆ. ಪೂರ್ವಪಕ್ಷವೇ ಮುಗಿಯದಿರುವಲ್ಲಿ ನಮ್ಮ ಸಿದ್ಧಾಂತದ ತೇರನ್ನು ಅದಕ್ಕೆ ಕಟ್ಟುವುದು ಜಾಣತನವಲ್ಲ. ಆ ವಾದದಲ್ಲಿ ಸೇರಬೇಕಾದುದು ಈ ಸೀಮೆಯ ಮಕ್ಕಳು, ಅದೂ ಅಳತೆಯೊಡನೆ, ಲೆಕ್ಕದೊಡನೆ.

ಪ್ರಯೋಜನವೇನೆಂಬುದು ರೈತಮಹಾಶಯರ ನ್ಯಾಯವಾದ ಪ್ರಶ್ನೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ತನ್ನು ಒಯ್ದಂದಿನಿಂದ ಈವರೆಗೂ, ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಒಂದು ಪಾಲು ದಾರಿಯಲ್ಲಿಯೇ ಶಾಖವಾಗಿ ನಷ್ಟವಾಗುತ್ತಲಿದೆ. ಅತಿವಾಹಕದಲ್ಲಿ ಆ ನಷ್ಟವಿಲ್ಲ. ಹಾಗೆಂದು ತಿರುವಿದ ಗ್ರಾಫೀನಿನ ತಂತಿಯು ಅರಕಲಗೂಡಿನ ಪಂಪುಸೆಟ್ಟಿಗೆ ಬರುವುದೆಂದು ಯಾರಾದರೂ ಹೇಳಿದರೆ ನಂಬಬಾರದು. ಅದು ಕೂದಲಿನ ಅಗಲಕ್ಕಿಂತಲೂ ಕಿರಿದಾದ ತುಣುಕುಗಳಲ್ಲಿ, ಹಾಸನದ ಮಾಗಿಯ ಚಳಿಯನ್ನು ಬೇಸಗೆಯೆನಿಸುವ ಶೈತ್ಯದಲ್ಲಿ ನಡೆಯುವ ವ್ಯಾಪಾರ. ಅದರ ಈಗಿನ ಪ್ರಯೋಜನವು ಬೇರೆ: ತಾಮ್ರದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಬದಲಾಯಿಸಲು ಪ್ರತಿ ಸಲವೂ ಹೊಸದಾಗಿ ಬೆರಕೆ ಮಾಡಿ ಬೇಯಿಸಬೇಕಾಗುತ್ತಿತ್ತು, ಇಲ್ಲಿ ಒಂದೇ ತುಣುಕಿನಲ್ಲಿ ಗುಂಡಿ ತಿರುಗಿಸಿದರೆ ಸಾಕು. ಕೂಟವು ಯಾವ ಎಣಿಕೆಗೆ ಯಾವ ರೂಪವನ್ನು ತಾಳುವುದೆಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬಹುದು.

2021ರಲ್ಲಿ ಮೂರು ಹಾಳೆಗಳನ್ನು ಜೋಡಿಸಿ, ನಡುವಿನದನ್ನು ಮಾತ್ರ ಸುಮಾರು 1.6 ಡಿಗ್ರಿ ತಿರುವಿ ಅಲ್ಲಿಯೂ ಅತಿವಾಹಕತೆಯನ್ನು ಕಂಡಿದ್ದಾರೆ. 2022ರಲ್ಲಿ ನಾಲ್ಕು, ಐದು ಹಾಳೆಗಳಲ್ಲಿಯೂ ಕಂಡಿದ್ದಾರೆ. ದಾಸೋಹದ ಉಗ್ರಾಣದಿಂದ ತಂದ ಒಂದೇ ಅಳತೆಯ ಜರಡಿಗಳನ್ನು ಸಭಾಮಂಟಪದ ಪೂರ್ವದ ಬಾಗಿಲಲ್ಲಿ ದೀಪದೆದುರು ಇರಿಸಲಾಗಿದೆ. ಪ್ರಸಾದಕ್ಕೆ ಹೋಗುವ ಮುನ್ನ ಮಕ್ಕಳು ತಂದೆತಾಯಿಗಳನ್ನು ಅಲ್ಲಿಗೆ ಕರೆತಂದು, ಮೇಲಿನದನ್ನು ತಾವೇ ತಿರುವಿ ತೋರಿಸಬೇಕಾಗಿ ವಿಜ್ಞಾಪನೆ.